ಸೋಲಿನ ಕ್ಷಣದಲ್ಲಿ ಶಿಶುಮನಸ್ಸು

ಒಂದು ಲೆಕ್ಕ ತಪ್ಪಾದೊಡನೆ ಸ್ಲೇಟನ್ನು ಬದಿಗಿಟ್ಟು ‘ನನಗೆ ಇದು ಬರೋದಿಲ್ಲ’ ಎಂದು ತಲೆತಗ್ಗಿಸುವ ಮಗುವೂ, ಅದೇ ತಪ್ಪನ್ನು ಒರೆಸಿ ಮತ್ತೆ ಬರೆಯತೊಡಗುವ ಮಗುವೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕುಳಿತಿರುವುದನ್ನು ಪ್ರಾಥಮಿಕ ಶಾಲೆಯ ಉಪಾಧ್ಯಾಯರೆಲ್ಲರೂ ಬಲ್ಲರು. ಇವರೀರ್ವರ ನಡುವಣ ಅಂತರವು ಬುದ್ಧಿಯ ಪರಿಮಾಣದಲ್ಲಿದೆಯೋ, ಆ ಬುದ್ಧಿಯನ್ನು ಕುರಿತು ಮಗು ತಾನೇ ತಳೆದಿರುವ ನಂಬಿಕೆಯಲ್ಲಿದೆಯೋ ಎಂಬ ಪ್ರಶ್ನೆಯಿಂದ ಹುಟ್ಟಿದ ವಿಚಾರವೇ ಇಂದು ಶಿಕ್ಷಕರ ತರಬೇತಿಗಳಲ್ಲಿ ‘ಬೆಳವಣಿಗೆಯ ಮನೋಭಾವ’ ಎಂಬ ಹೆಸರಿನಿಂದ ಕೇಳಿಬರುತ್ತಿದೆ. ಸೋಲಿನ ಕ್ಷಣವನ್ನು ಸಮೀಪದಿಂದ ನಿಂತು ನೋಡಿದಾಗಲೆಲ್ಲ ಈ ವಿಚಾರವು ಬಲಗೊಂಡಿತೆಂಬುದೂ, ಅದರಿಂದ ದೂರ ಸರಿದು ಘೋಷವಾಕ್ಯವಾದಾಗಲೆಲ್ಲ ಕೃಶವಾಯಿತೆಂಬುದೂ ಅದರ ಚರಿತ್ರೆಯನ್ನು ಪರಿಶೀಲಿಸುವಾಗ ನನಗೆ ತೋರಿದ ಸಂಗತಿ.

ಬುದ್ಧಿಯನ್ನು ಅಳೆಯುವ ಮಾಪಕವನ್ನು ಮೊದಲು ರಚಿಸಿದ ಪ್ಯಾರಿಸಿನ ಆಲ್ಫ್ರೆಡ್ ಬಿನೆ, ಬುದ್ಧಿಯು ಬದಲಾಗದ ವಸ್ತುವೆಂದು ಎಂದೂ ಭಾವಿಸಿರಲಿಲ್ಲವೆಂಬುದನ್ನು ನಾವು ಬೇಗ ಮರೆತುಬಿಟ್ಟೆವು. ಸಾಮಾನ್ಯ ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಅವರಿಗೆ ತಕ್ಕ ಶಿಕ್ಷಣವನ್ನು ಒದಗಿಸುವ ಉದ್ದೇಶದಿಂದ ಆತನೂ ಥಿಯೊಡೋರ್ ಸಿಮೋನನೂ 1905ರಲ್ಲಿ ಆ ಮಾಪಕವನ್ನು ಸಿದ್ಧಪಡಿಸಿದರು. 1909ರ ತನ್ನ ಗ್ರಂಥದಲ್ಲಿ ಬಿನೆ, ಮಗುವಿನ ಬುದ್ಧಿ ಹೆಚ್ಚಲಾರದೆನ್ನುವವರ ನಿರಾಶಾವಾದವನ್ನು ಉಗ್ರವಾಗಿ ಖಂಡಿಸಿದುದಲ್ಲದೆ, ಸಂಜ್ಞೆ ಕೊಟ್ಟೊಡನೆ ಮಕ್ಕಳೆಲ್ಲ ಪ್ರತಿಮೆಗಳಂತೆ ನಿಶ್ಚಲರಾಗಿ ನಿಲ್ಲುವ ಆಟವೇ ಮೊದಲಾಗಿ ಅವಧಾನವನ್ನು ಬೆಳೆಸುವ ಅಭ್ಯಾಸಗಳನ್ನೂ ವಿವರಿಸಿದನು. ಆದರೆ ಮಾಪಕವು ಅಟ್ಲಾಂಟಿಕ್ ಸಾಗರವನ್ನು ದಾಟಿ, 1916ರಲ್ಲಿ ಸ್ಟ್ಯಾನ್‌ಫರ್ಡಿನ ಲೂಯಿಸ್ ಟರ್ಮನ್ನನ ಕೈಯಲ್ಲಿ ಪರಿಷ್ಕೃತವಾದಾಗ, ಅದರೊಡನೆ ಬುದ್ಧಿಯು ಆನುವಂಶಿಕವೆಂಬ ದೃಢನಂಬಿಕೆಯೂ ಬೆಸೆದುಕೊಂಡಿತು. ನಮ್ಮಲ್ಲಿಯೂ ಧಾರವಾಡದ ವಿ. ವಿ. ಕಾಮತರು ಕನ್ನಡ ಹಾಗೂ ಮರಾಠಿ ಮಕ್ಕಳಿಗಾಗಿ ಬಿನೆಯ ಪರೀಕ್ಷೆಯನ್ನು ಹೊಂದಿಸಿ 1940ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಶ್ರಮಪೂರ್ಣವಾದ ಆ ಕಾರ್ಯವು ಇಂದಿಗೂ ಸ್ಮರಣಾರ್ಹ.

ಮಗುವಿನಲ್ಲಿ ಎಷ್ಟು ಬುದ್ಧಿಯಿದೆ ಎಂಬುದನ್ನು ಬಿಟ್ಟು, ಸೋತಾಗ ಮಗು ಏನು ಮಾಡುತ್ತದೆ ಎಂಬುದನ್ನು ವಿಚಾರಿಸುವ ದೃಷ್ಟಿ ಬಂದುದು ಅನಂತರದಲ್ಲಿ, ಅದೂ ಒಂದು ಅನಿರೀಕ್ಷಿತ ದಿಕ್ಕಿನಿಂದ. ತಪ್ಪಿಸಿಕೊಳ್ಳಲಾಗದ ಆಘಾತಕ್ಕೆ ಒಳಗಾದ ನಾಯಿಗಳು, ಮುಂದೆ ಪಾರಾಗುವ ದಾರಿ ತೆರೆದಿದ್ದಾಗಲೂ ಪ್ರಯತ್ನಿಸದೆ ಬಿದ್ದಿರುತ್ತವೆಂಬುದನ್ನು ಮನೋವಿಜ್ಞಾನಿಗಳಾದ ಸೆಲಿಗ್‌ಮನ್ ಮತ್ತು ಮಯರ್ 1967ರಲ್ಲಿ ತೋರಿಸಿದ್ದರು. ಈ ಕಲಿತ ಅಸಹಾಯಕತೆಯು ಶಾಲೆಯ ಮಕ್ಕಳಲ್ಲಿಯೂ ಇರಬಹುದೆಂದು ಊಹಿಸಿದ ಮನೋವಿಜ್ಞಾನಿ ಕ್ಯಾರೊಲ್ ಡ್ವೆಕ್, ಸೋತೊಡನೆ ಕೈಚೆಲ್ಲುವವರೆಂದು ಶಾಲೆಯವರೇ ಗುರುತಿಸಿದ ಕೇವಲ 12 ಮಕ್ಕಳನ್ನು ಆರಿಸಿಕೊಂಡು, ಹಲವು ದಿನ ಅವರಿಗೆ ಲೆಕ್ಕ ಮಾಡಿಸಿದರು. ಒಂದು ಗುಂಪಿಗೆ ಗೆಲುವಿನ ಮೇಲೆ ಗೆಲುವು ದೊರೆಯುವಂತೆ ಸುಲಭವಾದ ಲೆಕ್ಕಗಳನ್ನೇ ಕೊಡಲಾಯಿತು. ಇನ್ನೊಂದು ಗುಂಪಿಗೆ ನಡುನಡುವೆ ಸೋಲು ಬರುವಂತೆ ಏರ್ಪಡಿಸಿ, ಹಾಗೆ ಬಂದಾಗಲೆಲ್ಲ ಇದು ಶಕ್ತಿಯ ಕೊರತೆಯಲ್ಲ, ಪ್ರಯತ್ನ ಸಾಲದೆ ಹೋದುದು ಎಂದು ತಿಳಿಸಲಾಯಿತು. ಆತ್ಮವಿಶ್ವಾಸವು ಗೆಲುವಿನಿಂದಲೇ ಬೆಳೆಯುತ್ತದೆಂಬ ನಮ್ಮ ಸಾಮಾನ್ಯ ಭಾವನೆಗೆ ವಿರುದ್ಧವಾಗಿ, ಗೆಲುವನ್ನೇ ಉಂಡ ಮಕ್ಕಳು ಕಡೆಯಲ್ಲಿ ಒಂದು ಸೋಲು ಎದುರಾದೊಡನೆ ಹಿಂದಿನಂತೆಯೇ ಕುಸಿದರು, ಎರಡನೆಯ ಗುಂಪಿನವರು ತಾಳಿಕೊಂಡರು. 1975ರಲ್ಲಿ ಪ್ರಕಟವಾದ ಈ ಪುಟ್ಟ ಅಧ್ಯಯನವು ಈ ಕ್ಷೇತ್ರದ ನಿಜವಾದ ಬೀಜವೆಂದು ನನ್ನ ಅಭಿಪ್ರಾಯ. ಏಕೆಂದರೆ ಇದರಲ್ಲಿ ಉಪದೇಶವಿಲ್ಲ, ಲೆಕ್ಕವಿದೆ. ಸೋಲನ್ನು ಮಗುವಿನಿಂದ ಮರೆಮಾಡುವ ಕರುಣೆಯಿಲ್ಲ, ಸೋಲಿನ ಪಕ್ಕದಲ್ಲಿ ನಿಲ್ಲುವ ಹಿರಿಯರಿದ್ದಾರೆ.

ಮೂರು ವರ್ಷಗಳ ಬಳಿಕ ಡ್ವೆಕ್ ಮತ್ತು ಡೀನರ್, ಸಮಸ್ಯೆಯನ್ನು ಬಿಡಿಸುವಾಗ ಮನಸ್ಸಿಗೆ ಬಂದುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಿರಬೇಕೆಂದು ಐದನೆಯ ತರಗತಿಯ ಮಕ್ಕಳನ್ನು ಕೇಳಿಕೊಂಡರು. ಬಿಡಿಸಬಲ್ಲ ಸಮಸ್ಯೆಗಳು ಮುಗಿದು ಬಿಡಿಸಲಾಗದವು ಬಂದಾಗ, ಕೆಲವರು ತಮ್ಮ ಜ್ಞಾಪಕಶಕ್ತಿಯನ್ನು ಹಳಿದುಕೊಂಡರು, ಸಂಬಂಧವಿಲ್ಲದ ಮಾತಿಗೆ ಹೊರಳಿದರು. ಇಂತಹವರು ಆವರೆಗೆ ತಾವು ಸರಿಯಾಗಿ ಬಿಡಿಸಿದ್ದ ಸಮಸ್ಯೆಗಳ ಸಂಖ್ಯೆಯನ್ನೂ ಕಡಿಮೆಯಾಗಿ ನೆನೆಯುತ್ತಾರೆಂದು ಡೀನರ್ ಮತ್ತು ಡ್ವೆಕ್ ಅವರ 1980ರ ಅಧ್ಯಯನ ತೋರಿಸಿತು. ಮತ್ತೆ ಕೆಲವರು ಸೋಲಿನ ಕಾರಣವನ್ನು ಚಿಂತಿಸುವ ಗೋಜಿಗೇ ಹೋಗದೆ, ನಿಧಾನಿಸಿ ನೋಡಬೇಕೆಂದು ತಮಗೆ ತಾವೇ ಹೇಳಿಕೊಂಡರು. ಆರಂಭದಲ್ಲಿ ಎರಡು ಬಗೆಯವರ ಸಾಮರ್ಥ್ಯವೂ ಸಮವಾಗಿತ್ತೆಂಬುದು ಇಲ್ಲಿ ಲಕ್ಷಿಸಬೇಕಾದ ಅಂಶ.

ಈ ಭೇದಕ್ಕೆ, ಬುದ್ಧಿಯು ಬದಲಾಗದುದೋ ಬೆಳೆಯುವಂತಹುದೋ ಎಂಬುದನ್ನು ಕುರಿತ ಅವ್ಯಕ್ತ ನಂಬಿಕೆಯೇ ಕಾರಣವೆಂಬ ಸಿದ್ಧಾಂತವನ್ನು ಡ್ವೆಕ್ ಮತ್ತು ಲೆಗೆಟ್ 1988ರಲ್ಲಿ ಮಂಡಿಸಿದರು. ಆದರೆ ಅದನ್ನು ಲೋಕಪ್ರಸಿದ್ಧಗೊಳಿಸಿದುದು 1998ರಲ್ಲಿ ಮ್ಯೂಲರ್ ಮತ್ತು ಡ್ವೆಕ್ ಪ್ರಕಟಿಸಿದ ಪ್ರಶಂಸೆಯ ಪ್ರಯೋಗಗಳು. ಮೊದಲ ಸುತ್ತಿನಲ್ಲಿ ಗೆದ್ದ ಮಕ್ಕಳಲ್ಲಿ ಕೆಲವರನ್ನು ಜಾಣರೆಂದೂ ಕೆಲವರನ್ನು ಶ್ರಮಪಟ್ಟವರೆಂದೂ ಹೊಗಳಿ, ಕಠಿಣವಾದ ಎರಡನೆಯ ಸುತ್ತಿನಲ್ಲಿ ಸೋಲನ್ನು ಉಣಿಸಿ, ಮೊದಲಿನಷ್ಟೇ ಸುಲಭವಾದ ಮೂರನೆಯದನ್ನು ಕೊಟ್ಟಾಗ, ಜಾಣರೆನಿಸಿಕೊಂಡವರ ಅಂಕಗಳು ಇಳಿದವು, ಶ್ರಮಕ್ಕೆ ಮೆಚ್ಚುಗೆ ಪಡೆದವರ ಅಂಕಗಳು ಏರಿದವು. ತಮ್ಮ ಅಂಕಗಳನ್ನು ಅಪರಿಚಿತ ಮಗುವೊಂದಕ್ಕೆ ಬರೆದು ತಿಳಿಸುವಾಗ, ಜಾಣರೆನಿಸಿಕೊಂಡವರಲ್ಲಿ ಸುಮಾರು ಐವರಿಗಿಬ್ಬರು ಸುಳ್ಳು ಬರೆದರು. ಅಕ್ಕರೆಯಿಂದ ಆಡಿದ ಒಂದು ಮಾತು ಮಗುವನ್ನು ಸತ್ಯದಿಂದ ವಿಮುಖಗೊಳಿಸಬಲ್ಲುದೆಂಬುದನ್ನು ಓದಿದಾಗ ವ್ಯಥೆಯಾಗುತ್ತದೆ. ಚೀನಾದ ಮಕ್ಕಳಲ್ಲಿ ಇದೇ ಪ್ರಯೋಗವನ್ನು ನಡೆಸಿದ ಲೀ ಮತ್ತು ಬೇಟ್ಸ್, ಅಂತಹ ಫಲವು ಸ್ಥಿರವಾಗಿ ದೊರೆಯಲಿಲ್ಲವೆಂದು 2019ರಲ್ಲಿ ವರದಿ ಮಾಡಿದುದನ್ನೂ ಇದರೊಡನೆಯೇ ಹೇಳಬೇಕು.

2004ರಲ್ಲಿ ಡ್ವೆಕ್ ಸ್ಟ್ಯಾನ್‌ಫರ್ಡನ್ನು ಸೇರಿದರು. 2006ರಲ್ಲಿ ಅವರ ಜನಪ್ರಿಯ ಗ್ರಂಥ ಬಂದಿತು. ತರುವಾಯ ಈ ವಿಚಾರವು ಶಾಲೆಯ ಗೋಡೆಗಳ ಮೇಲಣ ಭಿತ್ತಿಪತ್ರಗಳನ್ನೇರಿತು. ಉತ್ತರ ತಪ್ಪಾಗಿದ್ದರೂ ‘ಪ್ರಯತ್ನಪಟ್ಟೆಯಲ್ಲ, ಸಾಕು’ ಎಂದು ಬೆನ್ನು ತಟ್ಟಿ ಕಳುಹಿಸುವ ಪರಿಪಾಠ ಬೆಳೆದುದನ್ನು ಕಂಡು, ಕಲಿಕೆಗೆ ಒಯ್ಯದ ಶ್ರಮವನ್ನು ಹೊಗಳುವುದು ತಮ್ಮ ಅಭಿಪ್ರಾಯವಲ್ಲವೆಂದು 2015ರಲ್ಲಿ ಡ್ವೆಕ್ ಅವರೇ ಬರೆಯಬೇಕಾಯಿತು.

ಅಲ್ಲಿಂದೀಚೆಗೆ ಪರೀಕ್ಷೆಯ ಕಾಲ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಸಿಸ್ಕ್ ಮತ್ತು ಸಂಗಡಿಗರು, ಈ ಮನೋಭಾವವನ್ನು ಬೆಳೆಸಲೆಂದು ನಡೆಸುವ ಕಾರ್ಯಕ್ರಮಗಳ ಸರಾಸರಿ ಪರಿಣಾಮ ತೀರ ಅಲ್ಪವೆಂದು 2018ರಲ್ಲಿ ತೋರಿಸಿದರು. ಮರುವರ್ಷ ಯೇಗರ್ ಮತ್ತು ಸಹೋದ್ಯೋಗಿಗಳು ಅಮೆರಿಕದ ಒಂಬತ್ತನೆಯ ತರಗತಿಯ ಸುಮಾರು 12,000 ವಿದ್ಯಾರ್ಥಿಗಳನ್ನು ಒಳಗೊಂಡ ಪ್ರಯೋಗದಲ್ಲಿ, ಮೆದುಳು ಬೆಳೆಯಬಲ್ಲುದೆಂದು ತಿಳಿಸುವ, ಒಂದು ಗಂಟೆಗೂ ಕಡಿಮೆ ಅವಧಿಯ ಪಾಠದಿಂದ ಕಲಿಕೆಯಲ್ಲಿ ಹಿಂದುಳಿದ ವಿದ್ಯಾರ್ಥಿಗಳ ಶ್ರೇಣಿಯು, ಸುಮಾರು 4 ಅಂಕಗಳ ಮಾನದಲ್ಲಿ, ಸರಾಸರಿ 0.1ರಷ್ಟು ಏರಿತೆಂದು ಕಂಡರು. ಆದರೆ ಪ್ರಾಥಮಿಕ ಶಾಲೆಯ ಮಾತೇ ಬೇರೆ. ಇಂಗ್ಲೆಂಡಿನ 101 ಶಾಲೆಗಳ ಆರನೆಯ ವರ್ಷದ ಮಕ್ಕಳಲ್ಲಿ ನಡೆದು 2019ರಲ್ಲಿ ವರದಿಯಾದ ಇಂತಹುದೇ ಪ್ರಯೋಗದಲ್ಲಿ, ಓದಿನಲ್ಲಾಗಲಿ ಗಣಿತದಲ್ಲಾಗಲಿ ಹೆಚ್ಚಿನ ಪ್ರಗತಿ ಕಾಣಲಿಲ್ಲ; ಹೋಲಿಕೆಗಿಟ್ಟ ಶಾಲೆಗಳ ಅಧ್ಯಾಪಕರೂ ಈ ವಿಚಾರವನ್ನು ಮೊದಲೇ ಬಲ್ಲವರಾಗಿದ್ದುದು ಇದಕ್ಕೊಂದು ಕಾರಣವಿರಬಹುದೆಂದು ಪರಿಶೀಲಕರು ಸೂಚಿಸಿದರು. ಇದೆಲ್ಲಕ್ಕಿಂತ ನನಗೆ ಮುಖ್ಯವಾಗಿ ತೋರುವುದು ಯೇಗರ್ ತಂಡದ 2022ರ ಶೋಧ: ಸಾಮರ್ಥ್ಯ ಬೆಳೆಯುತ್ತದೆಂದು ಗಣಿತದ ಅಧ್ಯಾಪಕರು ತಾವೇ ನಂಬಿದ್ದ ತರಗತಿಗಳಲ್ಲಿ ಮಾತ್ರ ವಿದ್ಯಾರ್ಥಿಗಳ ಹೊಸ ನಂಬಿಕೆ ಫಲಕೊಟ್ಟಿತು.

ಎಂಟು ವರ್ಷದ ಮಗುವಿಗೆ ಮೆದುಳಿನ ಕುರಿತು ಪಾಠ ಹೇಳುವುದಕ್ಕಿಂತ, ಅದರ ತಪ್ಪನ್ನು ಉಪಾಧ್ಯಾಯರು ಹೇಗೆ ಓದುತ್ತಾರೆಂಬುದೇ ದೊಡ್ಡದೆಂದು ನಾನು ನಂಬಿದ್ದೇನೆ. 52ರಿಂದ 17ನ್ನು ಕಳೆದು 45 ಎಂದು ಬರೆದ ಮಗು ದಡ್ಡವಲ್ಲ. ಬಿಡಿಸ್ಥಾನದಲ್ಲಿ ದೊಡ್ಡದರಿಂದ ಚಿಕ್ಕದನ್ನು ಕಳೆಯುವ ಒಂದು ನಿಯಮವನ್ನು ತಾನೇ ಕಟ್ಟಿಕೊಂಡಿದೆ. ಅದಕ್ಕೆ ಬೇಕಾದುದು ಹೊಗಳಿಕೆಯೂ ಅಲ್ಲ, ಕೆಂಪು ಗುರುತೂ ಅಲ್ಲ. ಒಂದು ಹತ್ತನ್ನು ಬಿಡಿಸಿ, ಇರುವ ಎರಡರೊಡನೆ ಸೇರಿಸಿ ಹನ್ನೆರಡು ಬಿಡಿಗಳನ್ನಾಗಿಸುವ ಕಡ್ಡಿಯ ಕಟ್ಟು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಎಂಬ ಪ್ರಾಥಮಿಕ ಶಾಲೆಯ ಬೋಧನಾಕ್ರಮವು ಈ ಸಂಶೋಧನೆಗಳಿಂದ ಹುಟ್ಟಿದುದಲ್ಲವಾದರೂ, ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿಯನ್ನು ನೋಡಿ ಬಂದ ಉಪಾಧ್ಯಾಯರು ಅದರಲ್ಲಿ ಕಲಿಕೆಯನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆದು, ಗೈರುಹಾಜರಾದ ಮಗು ತಾನು ನಿಲ್ಲಿಸಿದಲ್ಲಿಂದಲೇ ಮುಂದುವರಿಯುವಂತೆ ಮಾಡಿದರು. ಅಂತಹ ತರಗತಿಯ ನೆಲದ ಮೇಲೆ ಮಗುವಿನ ಪಕ್ಕದಲ್ಲಿ ಕುಳಿತು, ಮೆಟ್ಟಿಲೊಂದರಲ್ಲಿ ತಡವರಿಸಿದಾಗ ಅದು ಕನ್ನಡದಲ್ಲಿ ತನಗೆ ತಾನೇ ಏನು ಹೇಳಿಕೊಳ್ಳುತ್ತದೆಂಬುದನ್ನು ಡೀನರ್ ಮತ್ತು ಡ್ವೆಕ್ ಅವರಷ್ಟೇ ತಾಳ್ಮೆಯಿಂದ ಬರೆದುಕೊಳ್ಳುವ ಕೆಲಸವು ನಮ್ಮ ಶಿಕ್ಷಣ ಮಹಾವಿದ್ಯಾಲಯಗಳಲ್ಲಿ ನಡೆಯಬೇಕು.