ಬೇತಮಂಗಲ, ವಿಜಯಾದಿತ್ಯಮಂಗಲ: ಶಾಸನ ದಾಖಲೆಗಳಿಗೆ ಕೊಂಡಿ ಹಾಕುವುದು

ಉರಿಗಾಂ ಸುತ್ತಿನ ಶಾಸನ ಹುಡುಕುವವರು ಮೊದಲು ಬಿಚ್ಚುವುದು ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕ 10ನೇ ಸಂಪುಟ (1905). ಅದರಲ್ಲಿ 'ಬಂಗಾರಪೇಟೆ' ತಾಲ್ಲೂಕು ಸಿಗೋದಿಲ್ಲ. ಆಗ ಅದು ಕಮಿಷನರ್ ಬೌರಿಂಗ್ ಸಾಹೇಬರ ಹೆಸರಿನ ಬೌರಿಂಗ್‌ಪೇಟೆ. ಚಿನ್ನದ ಗಣಿಗೆ ಪಾಲಾರ್ ನೀರು ಕೊಟ್ಟ ಬೇತಮಂಗಲ ಈಗ ಕೆಜಿಎಫ್ ತಾಲ್ಲೂಕಿನದು. ಕಲ್ಲಿನ ಮೇಲೆ ಅದೇ ವಿಜಯಾದಿತ್ಯಮಂಗಲ. ಬರೀ ಹೆಸರು ನಂಬಿದರೆ ಗಣಕಕ್ಕೆ ಇವು ಎರಡು ಊರು, ಚರಿತ್ರೆಯೂ ಎರಡು ಹೋಳು.

ಹಾಗಾಗಿ ಕ್ಲೌಡ್ ಡೇಟಾಬೇಸ್‌ಗೆ ಏರಿಸುವಾಗ ಪೈಥಾನ್‌ನಲ್ಲಿ ಮೂರು ಮಾಡೆಲ್ ಬರೆದೆ: ಶಾಸನ, ಊರು, ಇವೆರಡರ ನಡುವೆ ಉಲ್ಲೇಖ. ಉಲ್ಲೇಖದಲ್ಲಿ ಶಾಸನದ ಕೀ, ಊರಿನ ಕೀ, ಜೊತೆಗೆ ಕಲ್ಲಿನಲ್ಲಿರುವ ಹೆಸರು, ಇದ್ದ ಹಾಗೇ. ಒಂದೇ ದಾನಶಾಸನ ನಾಲ್ಕು ದಿಕ್ಕಿನ ಎಲ್ಲೆಯ ಊರುಗಳನ್ನೂ ಹೇಳುತ್ತದಲ್ಲ? ಕಲ್ಲು ನಿಂತ ಊರೋ, ದಾನದ ಊರೋ, ಎಲ್ಲೆಯ ಊರೋ ಅನ್ನೋದನ್ನೂ ಅಲ್ಲೇ ಗುರುತಿಸಿದೆ. ನಾಳೆ ತಾಲ್ಲೂಕು ಬದಲಾದರೆ ಊರಿನ ದಾಖಲೆಯೊಂದನ್ನೇ ತಿದ್ದಿದರಾಯಿತು. ರೈಸರ ಸಂಖ್ಯೆಯನ್ನು ಮಾತ್ರ ಮುಟ್ಟಬಾರದು. ಹಳೆಯ ಲೇಖನಗಳೆಲ್ಲ ಅದನ್ನೇ ಹಿಡಿದು ನಡೆಯುತ್ತವೆ.

ಗೂಗಲ್ ಆಪ್ ಎಂಜಿನ್‌ನ ಡೇಟಾಸ್ಟೋರ್ ಬಳಸುವವರಿಗೆ ಒಂದು ಮಾತು. ಅಲ್ಲಿ ಊರಿನ ದಾಖಲೆ ಅಳಿಸಿದರೂ ಅದರ ಕೀ ಉಲ್ಲೇಖದಲ್ಲಿ ಉಳಿದೇ ಇರುತ್ತದೆ, ತಡೆಯುವವರಿಲ್ಲ. ಬೇತಮಂಗಲ ಎರಡು ಸಲ ದಾಖಲಾಗಿದ್ದರೆ, ಒಂದನ್ನು ಅಳಿಸುವ ಮುಂಚೆ ಅದರ ಉಲ್ಲೇಖಗಳನ್ನೆಲ್ಲ ಇನ್ನೊಂದಕ್ಕೆ ತಿರುಗಿಸಿ.

ವಿಜಯಾದಿತ್ಯಮಂಗಲ ಅನ್ನೋ ಹೆಸರು ದೂರದ ಯಾವುದೋ ಕಲ್ಲಿನಲ್ಲಿ ಕಂಡಿತೆಂದು ಕೂಡಲೇ ಬೇತಮಂಗಲಕ್ಕೆ ಕಟ್ಟಬೇಡಿ. ಆಧಾರ ಸಿಗುವವರೆಗೆ ಊರಿನ ಕೀ ಖಾಲಿ ಇರಲಿ, ಹೆಸರಷ್ಟೇ ಇರಲಿ.