ವಿಯೋನೆಯ ಹೆಬ್ಬೆಟ್ಟು

ಉಡುಪು ವಿನ್ಯಾಸದ ತಂತ್ರಾಂಶಗಳಲ್ಲಿ ಯಾರು ಯಾವ ನಕ್ಷೆ ನೋಡಬಹುದೆಂದು ಇಂದು ಲಾಗಿನ್, ಪಾಸ್‌ವರ್ಡ್‌ಗಳು ತೀರ್ಮಾನಿಸುತ್ತವೆ. ಈ ಕಾವಲಿನ ಹಿಂದಿರುವ ಭಯ ಕಂಪ್ಯೂಟರಿಗಿಂತ ಹಳೆಯದು. ಅದರ ಜಾಡು ಹಿಡಿದು ನಾನು ತಲುಪಿದ್ದು 1920ರ ದಶಕದ ಪ್ಯಾರಿಸ್ಸಿಗೆ.

ಅಲ್ಲಿ ವಿನ್ಯಾಸಕಿ ಮದ್ಲೇನ್ ವಿಯೋನೆ ತಮ್ಮ ಉಡುಪಿನ ಲೇಬಲ್ಲಿನ ಮೇಲೆ ಸಹಿಯ ಜೊತೆಗೆ ಹೆಬ್ಬೆರಳ ಗುರುತನ್ನೂ ಒತ್ತುತ್ತಿದ್ದರು. ಸಹಿ ಬಾರದವರದೆಂದು ನಾವು ತಿಳಿದಿರುವ ಹೆಬ್ಬೆಟ್ಟು ಅಲ್ಲಿ ನಕಲಿಗರ ವಿರುದ್ಧದ ಆಯುಧ! ಉಡುಪುಗಳನ್ನು ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ಫೋಟೊ ತೆಗೆಸಿ ಆಲ್ಬಮ್ಮುಗಳಲ್ಲಿ ಅಂಟಿಸಿಡುತ್ತಿದ್ದರು. ವಿನ್ಯಾಸ ತಮ್ಮದೆನ್ನಲು ಅದೇ ಸಾಕ್ಷಿ.

ಆದರೆ ಕಳ್ಳತನ ಮುಂಬಾಗಿಲಿನಿಂದಲೇ ಬರುತ್ತಿತ್ತು. 1925ರಲ್ಲಿ ಪ್ಯಾರಿಸ್ಸಿಗೆ ಬಂದ ಅಮೆರಿಕದ ಎಲಿಜಬೆತ್ ಹಾಸ್ ನಕಲು ಮಾಡುವ ಅಂಗಡಿಯೊಂದರಲ್ಲಿ ದುಡಿದರು. ಗಿರಾಕಿಯ ಸೋಗಿನಲ್ಲಿ ಪ್ರದರ್ಶನಕ್ಕೆ ಹೋಗುವುದು, ಕಂಡದ್ದನ್ನು ನೆನಪಿನಲ್ಲಿಟ್ಟು ಹೊರಬಂದು ಬಿಡಿಸುವುದು ಆ ಕಸುಬಿನ ರೀತಿ. 1938ರ ‘ಫ್ಯಾಷನ್ ಈಸ್ ಸ್ಪಿನಚ್’ ಪುಸ್ತಕದಲ್ಲಿ ಅವರು ಇದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ನನಗೆ ಅವರ ಮೇಲೆ ಸಿಟ್ಟಿಗಿಂತ ಬೆರಗೇ ಹೆಚ್ಚು: ಒಳಗೆ ಬಿಟ್ಟವರ ಕಣ್ಣಿಗೆ ಯಾರೂ ಬೀಗ ಹಾಕಲಾರರು. ಇಂದಿನ ತಂತ್ರಾಂಶಕ್ಕೂ ಈ ತಲೆನೋವು ತಪ್ಪಿಲ್ಲ.

ವಿಯೋನೆ 1939ರಲ್ಲಿ ಅಂಗಡಿ ಮುಚ್ಚಿದರು. ಕಳ್ಳರಿಗಾಗಿ ಕಾಪಿಟ್ಟ ಆಲ್ಬಮ್ಮುಗಳನ್ನು 1952ರಲ್ಲಿ ದಾನ ಮಾಡಿದರು. ಅವೀಗ ಪ್ಯಾರಿಸ್ಸಿನ ಅಲಂಕಾರ ಕಲೆಗಳ ಮ್ಯೂಸಿಯಮ್ಮಿನಲ್ಲಿವೆ.