ಗಣಕಯಂತ್ರದ ನಾದವೂ ಅದರ ಲಕ್ಷಣವೂ

ಸಂಗೀತವಿದ್ಯೆಯಲ್ಲಿ ಲಕ್ಷ್ಯ, ಲಕ್ಷಣ ಎಂಬ ಎರಡು ಅಂಗಗಳುಂಟು. ಹಾಡಿ ನುಡಿಸುವುದು ಲಕ್ಷ್ಯ. ಅದರ ನಿಯಮವನ್ನು ನಿರೂಪಿಸುವುದು ಲಕ್ಷಣ. ಲಕ್ಷ್ಯವು ಮೊದಲು ಹುಟ್ಟಿ ಲಕ್ಷಣವು ಅದನ್ನು ಹಿಂಬಾಲಿಸುವುದೇ ವಾಡಿಕೆ. ಗಣಕಯಂತ್ರದ ಸಂಗೀತದಲ್ಲಾದರೋ ಲಕ್ಷಣವನ್ನು ಬರೆದಲ್ಲದೆ ಒಂದು ಸ್ವರವೂ ಹೊರಡದು. ಈ ವಿದ್ಯೆಯು ಬೆಳೆದುದಕ್ಕೆ ಯಂತ್ರದ ವೇಗಕ್ಕಿಂತಲೂ ಅಂತಹ ಲಕ್ಷಣವನ್ನು ಶೋಧಿಸಿ, ಬರೆದಿಟ್ಟು, ಇತರರಿಗೆ ಕಲಿಸಿದುದೇ ಹೆಚ್ಚಿನ ಕಾರಣವೆಂದು ತೋರಿಸುವುದು ಈ ಲೇಖನದ ಉದ್ದೇಶ.

ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಮ್ಯಾಕ್ಸ್ ಮ್ಯಾಥ್ಯೂಸರು 1957ರಲ್ಲಿ ‘ಮ್ಯೂಸಿಕ್’ ಎಂಬ ಪ್ರೋಗ್ರಾಮನ್ನು ರಚಿಸಿದರು. ನಾದದ ಅಲೆಯನ್ನು ಸಂಖ್ಯೆಗಳ ಸಾಲಾಗಿ ಗಣಿಸಿ, ಆ ಸಂಖ್ಯೆಗಳನ್ನು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸಿ, ಧ್ವನಿವರ್ಧಕದ ಮೂಲಕ ಕೇಳಿಸುವುದು ಅದರ ಕ್ರಮ. ಅದರಿಂದ ಹೊರಟ ಮೊದಲ ರಚನೆಯು 17 ಸೆಕೆಂಡುಗಳಷ್ಟು ಮಾತ್ರವಿದ್ದಿತು. ಯಾವ ನಾದವನ್ನಾದರೂ ಹೀಗೆ ಪಡೆಯಬಹುದೆಂದು ಮ್ಯಾಥ್ಯೂಸರು 1963ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಆದರೆ ಯಾವ ಸಂಖ್ಯೆಗಳನ್ನು ಬರೆದರೆ ತುತ್ತೂರಿಯ ನಾದವು ಬಂದೀತೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಕೊರತೆಯಿದ್ದುದು ಕಿವಿಯ ವಿಷಯದ ಜ್ಞಾನದಲ್ಲಿ.

ಈ ಕೊರತೆಯನ್ನು ತುಂಬಿದವರಲ್ಲಿ ಫ್ರಾನ್ಸಿನ ಝಾನ್-ಕ್ಲೋದ್ ರಿಸ್ಸೆಯವರು ಅಗ್ರಗಣ್ಯರು. ತುತ್ತೂರಿಯನ್ನು ಗಟ್ಟಿಯಾಗಿ ಊದಿದಷ್ಟೂ ಅದರ ಮೇಲಣ ಉಪಸ್ವರಗಳು ಪ್ರಬಲವಾಗುವುವೆಂದೂ, ಕಿವಿಯು ಆ ವಾದ್ಯವನ್ನು ಗುರುತಿಸುವುದು ಈ ಗುಣದಿಂದಲೆಂದೂ ಅವರು ಕಂಡರು. 1969ರಲ್ಲಿ ಅವರು ಸಿದ್ಧಪಡಿಸಿದ ನಾದಗಳ ಪಟ್ಟಿಯಲ್ಲಿ ಪ್ರತಿಯೊಂದು ನಾದದ ರಚನಾವಿಧಾನವನ್ನೂ ಬರೆದುಕೊಟ್ಟರು. ಇದನ್ನು ಈ ವಿದ್ಯೆಯ ಮೊದಲ ಲಕ್ಷಣಗ್ರಂಥಗಳಲ್ಲಿ ಒಂದೆಂದು ಎಣಿಸಬಹುದು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜಾನ್ ಚೌನಿಂಗರು ಸಂಗೀತದ ವಿದ್ಯಾರ್ಥಿಯಾಗಿದ್ದಾಗಲೇ ಮ್ಯಾಥ್ಯೂಸರ ಲೇಖನದಿಂದ ಪ್ರೇರಿತರಾದವರು. ನಮ್ಮ ಕಂಪಿತ ಗಮಕದಂತೆ ಸ್ವರವನ್ನು ಅಲುಗಿಸುತ್ತ, ಆ ಅಲುಗಾಟದ ವೇಗವನ್ನು ಮೇಲೆ ಮೇಲೆ ಏರಿಸಿದರೆ, ಕೊನೆಗೆ ಕಂಪವು ಕೇಳಿಸದೆ ಹೊಸದೊಂದು ನಾದಗುಣವು ಹುಟ್ಟುವುದೆಂದು ಅವರು 1967ರಲ್ಲಿ ಕಂಡುಕೊಂಡರು. ಎರಡು ಕಂಪನಗಳ ಆವೃತ್ತಿಗಳು ಸರಳವಾದ ಅನುಪಾತದಲ್ಲಿದ್ದರೆ ಇಂಪಾದ ಸ್ವರವೂ, ಇಲ್ಲದಿದ್ದರೆ ಗಂಟೆಯಂತಹ ನಾದವೂ ದೊರೆಯುವುವು. 1971ರಲ್ಲಿ ರಿಸ್ಸೆಯವರ ಶೋಧನೆಯನ್ನು ಇದರೊಡನೆ ಸೇರಿಸಿದಾಗ ತುತ್ತೂರಿಯ ನಾದವು ಅಲ್ಪಗಣನೆಯಿಂದಲೇ ಸಿದ್ಧಿಸಿತು.

ಚೌನಿಂಗರು 1973ರಲ್ಲಿ ಇದನ್ನು ಪ್ರಕಟಿಸಿದರು. ಆದರೂ ಅವರಿಗೆ ವಿಶ್ವವಿದ್ಯಾನಿಲಯದಲ್ಲಿ ಸ್ಥಿರವಾದ ಹುದ್ದೆ ದೊರೆಯದೆ ಅವರು ಕೆಲಕಾಲ ಹೊರಗುಳಿಯಬೇಕಾಯಿತು. ಜಪಾನಿನ ಯಮಾಹಾ ಸಂಸ್ಥೆಯು ಈ ವಿಧಾನಕ್ಕೆ ಬೆಲೆಗಟ್ಟಿದ ಮೇಲೆ ಅವರು ಮರಳಿ ಬಂದರು. 1975ರಲ್ಲಿ ಅಲ್ಲಿ ಸಂಗೀತವೂ ನಾದಶಾಸ್ತ್ರವೂ ಜೊತೆಗೂಡಿದ ಸಂಶೋಧನಾಕೇಂದ್ರವು ಸ್ಥಾಪಿತವಾಯಿತು. 1983ರಲ್ಲಿ ಅದೇ ತತ್ತ್ವದ ‘ಡಿಎಕ್ಸ್7’ ವಾದ್ಯವು ಲೋಕದಲ್ಲೆಲ್ಲ ಹರಡಿ, ವಿಶ್ವವಿದ್ಯಾನಿಲಯಕ್ಕೆ ಹೇರಳವಾದ ಧನವನ್ನು ತಂದಿತು. ವಿದ್ವತ್ತನ್ನು ಅಳೆಯುವ ಅಧಿಕಾರಿಗಳು ಈ ಪ್ರಸಂಗವನ್ನು ಮರೆಯಲಾಗದು. ಧನವು ಬರದಿದ್ದರೂ ಆ ಶೋಧನೆಯ ಸತ್ಯವು ಅಷ್ಟೇ ಆಗಿರುತ್ತಿತ್ತು.

ನಾದದ ಲಕ್ಷಣವನ್ನು ಅಳತೆಯಿಂದ ನಿರ್ಣಯಿಸುವ ಈ ಮಾರ್ಗವು ನಮಗೆ ಅಪರಿಚಿತವಲ್ಲ. ಮೃದಂಗದ ಕರಣೆಯಿಂದ ಅದರ ಉಪಸ್ವರಗಳು ಹೊಂದಿಕೆಯಾಗಿ ನಿಲ್ಲುವುದನ್ನು ಸಿ. ವಿ. ರಾಮನ್ನರು 1920ರಲ್ಲಿಯೂ, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ವಿಸ್ತಾರವಾಗಿಯೂ ನಿರೂಪಿಸಿದ್ದರು. ವೀಣೆಯ ಗಮಕಗಳಿಗೂ ಇಂತಹ ಸೂಕ್ಷ್ಮಲಕ್ಷಣವನ್ನು ರಚಿಸುವ ಕಾರ್ಯದಲ್ಲಿ ಸಂಗೀತಜ್ಞರೂ ಗಣಿತಜ್ಞರೂ ಒಂದೇ ಪಾಠಶಾಲೆಯಲ್ಲಿ ಕುಳಿತು ತೊಡಗುವುದು ಯುಕ್ತವಾಗಿದೆ.